ಹುಲ್ಲುಹಾಸಿನ ಪಾಚಿ: ಸುಣ್ಣ ಸುರಿಯುವ ಮೊದಲು ನೆರಳು ಅಳೆಯಿರಿ

ಪ್ರಶ್ನೆ: ನಮ್ಮ ಮನಿ ಬೆಳಗಾವಿ ತಿಲಕವಾಡಿಯೊಳಗ ಐತ್ರಿ. ಎರಡು ಅಂತಸ್ತಿಂದು, ಕಟ್ಟಿ ನಾಲ್ಕು ವರ್ಷ ಆತು. ಮನಿಯ ಉತ್ತರಕ್ಕ, ಗ್ವಾಡಿಗೆ ಹತ್ತಿ, 20 ಫೂಟು ಅಗಲ 30 ಫೂಟು ಉದ್ದದ ಜಾಗಾದಾಗ ಮೆಕ್ಸಿಕನ್ ಹುಲ್ಲಿನ ಮ್ಯಾಟ್ ಹಾಸಿಸೀವಿ. ಮೊದಲನೇ ವರ್ಷ ಚಂದ ಇತ್ತು. ಆಮ್ಯಾಲ ಪ್ರತಿ ಮಳಿಗಾಲಕ್ಕ ಗ್ವಾಡಿ ಕಡಿಂದ ಪಾಚಿ ಸುರು ಆಗಿ, ಈ ಶ್ರಾವಣದಾಗ ಅರ್ಧಾ ಹುಲ್ಲು ಮುಚ್ಚೇತಿ. ಬ್ಯಾಸಗ್ಯಾಗ ಕಂದು ಆಗಿ ಸತ್ತಂಗ ಕಾಣತೈತಿ, ಜೂನ್‌ದಾಗ ಮತ್ತ ಬರತೈತಿ. ಮಣ್ಣು ಹುಳಿ ಆಗೇತಿ ಅಂತ ಮಾಲಿ ಹೋದ ವರ್ಷ ಹಾರ್ಡ್‌ವೇರ್ ಅಂಗಡಿಯಿಂದ 10 ಕೆ.ಜಿ. ಸುಣ್ಣ ತರಿಸಿ ಹಾಕಿದ. ಪಾಚಿ ಹೋಗಲಿಲ್ಲ, ಹುಲ್ಲು ಹಳದಿ ಆತು. ಬಾಜೂ ಮನಿಯವರು ಮೈಲುತುತ್ತ ಹೊಡೀರಿ ಅಂತಾರ. ಮಹಡಿ ನೀರು ಸುಮ್ನ ಯಾಕ ಹಾಳಾಗಬೇಕು ಅಂತ ಎರಡೂ ಪೈಪು ಹುಲ್ಲಿನ ಕಡೆನ ಬಿಟ್ಟೇವಿ. ನಡುವ ಶಹಾಬಾದ್ ಫರ್ಸಿ ದಾರಿ ಐತಿ, ಅದೂ ಜಾರತೈತಿ. ಮನ್ಯಾಗ ಸಣ್ಣ ಮಕ್ಕಳು, ಒಂದು ನಾಯಿ ಅದಾವ. ವಿಜಯಪುರದಾಗ ನಮ್ಮ ಅಕ್ಕನ ಮನಿ ಹುಲ್ಲಿನ್ಯಾಗ ಇದರ ಸುಳಿವೂ ಇಲ್ಲ. ನಮಗ ಯಾಕ ಹಿಂಗ? ಪಾಚಿ ಹುಲ್ಲಿನ ಬೇರು ತಿಂತೈತೇನು? ಬುಡಸಮೇತ ಹೋಗಬೇಕಂದ್ರ ಏನ ಮಾಡಬೇಕ್ರಿ?

ಉತ್ತರ:

ಮೊದಲು ಫರ್ಸಿ ದಾರಿ. ಹುಲ್ಲಿನ ಕೆಲಸ ಎರಡು ತಿಂಗಳು ತಡವಾದರೂ ನಡೆಯುತ್ತದೆ, ಮಕ್ಕಳು ಓಡಾಡುವ ದಾರಿಯದು ನಡೆಯುವುದಿಲ್ಲ. ದಾರಿ ಒದ್ದೆ ಇರುವಾಗಲೇ ಅದರ ಮೇಲೆ ಒಂದೆರಡು ಹಿಡಿ ದಪ್ಪ ಮರಳು ಚೆಲ್ಲಿ ಗಡಸು ಬ್ರಷ್‌ನಿಂದ ತಿಕ್ಕಿ, ಗುಡಿಸಿ ತೆಗೆಯಿರಿ. ಮಳೆ ಇರುವಷ್ಟು ದಿನ ವಾರಕ್ಕೊಮ್ಮೆ ಹೀಗೆ ಮಾಡಿದರೆ ಸಾಕು. ಆ್ಯಸಿಡ್ ಮಾತ್ರ ಮುಟ್ಟಬೇಡಿ. ಶಹಾಬಾದ್ ಫರ್ಸಿ ಸುಣ್ಣಕಲ್ಲು. ಆ್ಯಸಿಡ್ ಬಿದ್ದಲ್ಲಿ ಮೈ ಕರಗಿ ಸಣ್ಣ ಸಣ್ಣ ಕುಳಿಗಳಾಗುತ್ತವೆ, ಮುಂದಿನ ವರ್ಷ ಪಾಚಿ ಕೂರುವುದು ಅದೇ ಕುಳಿಗಳಲ್ಲಿ. ಬ್ಲೀಚಿಂಗ್ ಪೌಡರ್ ಬಳಸುವವರು ಅದರ ಜೊತೆ ಸಂಡಾಸಿನ ಆ್ಯಸಿಡ್ ಕ್ಲೀನರ್ ಎಂದಿಗೂ ಸೇರಿಸಬಾರದು. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ಬ್ಲೀಚಿಂಗ್ ನೀರು ಹುಲ್ಲಿನೊಳಗೆ ಹರಿದರೆ ಹುಲ್ಲೂ ಸುಡುತ್ತದೆ.

ಇನ್ನು ನಿಮ್ಮ ಆತಂಕ. ಪಾಚಿ ಹುಲ್ಲಿನ ಬೇರು ತಿನ್ನುವುದಿಲ್ಲ. ಅದಕ್ಕೆ ಬೇರೇ ಇಲ್ಲ, ನೆಲಕ್ಕೆ ಅಂಟಿಕೊಳ್ಳಲು ಕೂದಲಿನಂಥ ಎಳೆಗಳಿವೆ, ಅಷ್ಟೇ. ನೀರನ್ನೂ ಲವಣವನ್ನೂ ಅದು ಎಲೆಯ ಮೈಯಿಂದಲೇ ಹೀರುತ್ತದೆ. ಮಕ್ಕಳಿಗಾಗಲಿ ನಾಯಿಗಾಗಲಿ ಅದು ವಿಷವಲ್ಲ, ಮನೆಯ ಪಾಯಕ್ಕೂ ಅದರಿಂದ ಧಕ್ಕೆಯಿಲ್ಲ. ಆದರೆ ಗೋಡೆ ಬುಡ ಸದಾ ಪಾಚಿಗಟ್ಟಿದ್ದರೆ ಅಲ್ಲಿ ತೇವ ನಿಲ್ಲುತ್ತಿದೆ ಎಂದರ್ಥ, ಆ ತೇವದ ಬಗ್ಗೆ ಯೋಚಿಸಬೇಕು. ಹುಲ್ಲು ಯಾವುದೋ ಕಾರಣಕ್ಕೆ ಸೊರಗಿ ನೆಲ ತೆರವಾದ ಮೇಲೆ ಪಾಚಿ ಆ ಜಾಗ ಹಿಡಿಯುತ್ತದೆ. ಪಾಚಿಯನ್ನಷ್ಟೇ ಕೊಂದು ಆ ಕಾರಣವನ್ನು ಹಾಗೇ ಬಿಟ್ಟರೆ ಅದು ಮರಳಿ ಬರುತ್ತದೆ. ಅದರ ಬೀಜಕಣ ಗಾಳಿಯಲ್ಲೇ ಇರುತ್ತದಾದ್ದರಿಂದ 'ಬುಡಸಮೇತ' ಹೋಗುವ ಮಾತು ಯಾವ ಔಷಧಿಗೂ ಸಲ್ಲದು.

ಬೇಸಿಗೆಯಲ್ಲಿ ಅದು ಸತ್ತಿತು ಎನ್ನುವುದೂ ಕಣ್ಣಿನ ಮೋಸ. ಏಪ್ರಿಲ್‌ನಲ್ಲಿ ಗೋಡೆ ಬುಡದಿಂದ ಕಂದು ಬಣ್ಣದ ಒಂದು ಚಕ್ಕೆ ಎತ್ತಿ ತಟ್ಟೆಯಲ್ಲಿಟ್ಟು ನಾಲ್ಕು ಹನಿ ನೀರು ಬಿಡಿ. ಮುದುಡಿದ ಎಲೆಗಳು ನೋಡನೋಡುತ್ತಿದ್ದಂತೆ ಬಿಚ್ಚಿಕೊಳ್ಳುತ್ತವೆ, ಕೆಲವೇ ನಿಮಿಷದಲ್ಲಿ ಬಣ್ಣ ಹಸಿರಿಗೆ ತಿರುಗುತ್ತದೆ. ಒಣಗಿ ಕೂತು, ನೀರು ಬಿದ್ದಾಗ ಏಳುವುದು ಅದರ ಸ್ವಭಾವ. ಮುಂಗಾರಿನ ಮೊದಲ ಮಳೆಗೇ ಅದು ಹುಲ್ಲಿಗಿಂತ ಮುಂದಿರುವುದು ಇದರಿಂದ.

ಒಂದು ಪರೀಕ್ಷೆ ಈಗಲೇ ಮಾಡಿ. ಬೆರಳಿನಿಂದ ಕೆದರಿದಾಗ ಮೆತ್ತಗೆ ಮಖಮಲ್ಲಿನಂತೆ, ಎಳೆ ಎಳೆಯಾಗಿ ಬಂದರೆ ಈ ಉತ್ತರವೆಲ್ಲ ನಿಮಗೆ ಅನ್ವಯ. ಕಪ್ಪು-ಹಸಿರು ಲೋಳೆಯಂತಿದ್ದು, ಬಿಸಿಲಿಗೆ ಒಣಗಿದಾಗ ಕಪ್ಪು ಕಾಗದದ ಚೂರಿನಂತೆ ಎದ್ದು ಬರುವುದಾದರೆ ಅದು ನಾಸ್ಟಾಕ್ ಎಂಬ ಬೇರೆಯೇ ಜೀವಿ. ಅದಕ್ಕೆ ಮುಂದೆ ಹೇಳುವ ಅನ್ನಭೇದಿ ಎಂಬ ಕಬ್ಬಿಣದ ಲವಣ ಅಷ್ಟಾಗಿ ನಾಟುವುದಿಲ್ಲ. ಒಣಗಿದಾಗ ಕೆರೆದು ತೆಗೆದು, ನೀರು ನಿಲ್ಲದಂತೆ ಮಾಡಿ, ರಂಜಕದ ಗೊಬ್ಬರ ನಿಲ್ಲಿಸಬೇಕು. ಬಾಗಲಕೋಟೆ, ವಿಜಯಪುರದ ಎರೆಮಣ್ಣಿನ ಅಂಗಳಗಳಲ್ಲಿ, ಸೋರುವ ನಲ್ಲಿ ಅಥವಾ ಸ್ಪ್ರಿಂಕ್ಲರ್ ಸುತ್ತ 'ಪಾಚಿ' ಎಂದು ದೂರುವುದು ಹೆಚ್ಚಾಗಿ ಇದನ್ನೇ.

ನಿಮ್ಮಲ್ಲೇ ಏಕೆ

ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ: ಮನೆಯ ಉತ್ತರಕ್ಕೆ, ಗೋಡೆ ಕಡೆಯಿಂದ ಶುರು, ಎರಡೂ ಪೈಪು ಹುಲ್ಲಿಗೆ.

ಬೆಳಕಿನ ಲೆಕ್ಕ ಮೊದಲು ನೋಡೋಣ, ಇದನ್ನು ಯಾರೂ ಮಾಡುವುದಿಲ್ಲ. ಬೆಳಗಾವಿ ಇರುವುದು ಸುಮಾರು 15.85 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಮನೆಯ ಉತ್ತರದ ಅಂಗಳಕ್ಕೆ ವರ್ಷದಲ್ಲೇ ಹೆಚ್ಚು ಬಿಸಿಲು ಸಲ್ಲಬೇಕಾದ ಕಾಲ ಅದು. ಆದರೆ ಅದರಲ್ಲಿ ಜೂನ್ ನಡುವಿನಿಂದ ಮುಂದೆ ಬೆಳಗಾವಿಯಲ್ಲಿ ಮೋಡ ಸರಿಯುವುದೇ ಅಪರೂಪ. ಮೋಡ ಸರಿದು ಬಿಸಿಲು ಬರುವ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ಜಾರಿರುತ್ತಾನೆ. ಪ್ಯಾರಪೆಟ್ ಸೇರಿ ಎರಡು ಅಂತಸ್ತಿನ ಮನೆ 24 ಅಡಿ ಎತ್ತರ ಎಂದು ಹಿಡಿಯಿರಿ. ಅಕ್ಟೋಬರ್ ನಡುವಿನಲ್ಲಿ ಮಟಮಟ ಮಧ್ಯಾಹ್ನವೂ ಅದರ ನೆರಳು ಉತ್ತರಕ್ಕೆ 11 ಅಡಿ ಚಾಚುತ್ತದೆ. ಡಿಸೆಂಬರ್ ಕೊನೆಗೆ 19 ಅಡಿ ದಾಟುತ್ತದೆ. ನಿಮ್ಮ ಹುಲ್ಲುಹಾಸಿನ ಅಗಲ 20 ಅಡಿ. ಅಂದರೆ ಮಳೆಗಾಲದಲ್ಲಿ ಮೋಡ, ಚಳಿಗಾಲದಲ್ಲಿ ನಿಮ್ಮದೇ ಮನೆ. ಗೋಡೆ ಪಕ್ಕದ ಮೊದಲ ಏಳೆಂಟು ಅಡಿಗೆ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನೇರ ಬಿಸಿಲು ಇಲ್ಲವೆಂದೇ ಹೇಳಬೇಕು.

ಮೆಕ್ಸಿಕನ್ ಹುಲ್ಲಿಗೆ ದಿನಕ್ಕೆ ಕನಿಷ್ಠ ನಾಲ್ಕೈದು ತಾಸು ನೇರ ಬಿಸಿಲು ಬೇಕು. ಗರಿಕೆ ಜಾತಿಯ ಬರ್ಮುಡಾ ಹುಲ್ಲಿಗೆ ಆರಕ್ಕೂ ಹೆಚ್ಚು. ಪಾಚಿಗೆ ಹಗಲು ಬೆಳಕಿದ್ದರೆ ಸಾಕು. ಸಾಲದ್ದಕ್ಕೆ ಮೆಕ್ಸಿಕನ್ ಹುಲ್ಲು ನಿಧಾನಕ್ಕೆ ಬೆಳೆಯುತ್ತದೆ, ಗುಪ್ಪೆ ಗುಪ್ಪೆಯಾಗಿ ಎದ್ದು, ಬುಡದಲ್ಲಿ ಒಣ ಎಲೆಯ ದಪ್ಪ ಪದರ ಕಟ್ಟಿಕೊಳ್ಳುತ್ತದೆ. ಆ ಪದರ ವಾರಗಟ್ಟಲೆ ಆರದೆ ಒದ್ದೆ ಇರುತ್ತದೆ. ನೋಡಲು ಚಂದ, ಖರೆ. ಆದರೆ ಬೆಳಗಾವಿ ಮಳೆಗೆ, ಅದರಲ್ಲೂ ನೆರಳಿಗೆ, ಅದನ್ನು ಹಾಸುವುದು ನರ್ಸರಿಯವರಿಗೆ ಲಾಭ, ಮನೆಯವರಿಗಲ್ಲ.

ಎರಡನೆಯದು ನೀರು. ಮಹಡಿ 1000 ಚದರ ಅಡಿ ಇದ್ದರೆ, 25 ಮಿ.ಮೀ. ಮಳೆಗೆ ಅಲ್ಲಿಂದ ಇಳಿಯುವ ನೀರು ಸುಮಾರು 2300 ಲೀಟರ್. ಅದನ್ನೆಲ್ಲ ನಿಮ್ಮ 600 ಚದರ ಅಡಿ, ಅಂದರೆ ಸುಮಾರು 56 ಚದರ ಮೀಟರ್ ಹುಲ್ಲಿನ ಮೇಲೆ ಬಿಟ್ಟರೆ ಅದು ಇನ್ನೂ 41 ಮಿ.ಮೀ. ಮಳೆಗೆ ಸಮ. ಊರಿಗೆಲ್ಲ 25 ಬಿದ್ದ ದಿನ ನಿಮ್ಮ ಹುಲ್ಲಿಗೆ 66. ಬೆಳಗಾವಿ ನಗರಕ್ಕೆ ವರ್ಷಕ್ಕೆ 1200 ಮಿ.ಮೀ. ಮೇಲ್ಪಟ್ಟು ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅದರ ಎರಡೂವರೆ ಪಟ್ಟು ನೀರು ಕುಡಿಯುವ ಶಕ್ತಿ ಯಾವ ಹುಲ್ಲಿಗೂ ಇಲ್ಲ. ನೀರು ಹಾಳಾಗಬಾರದು ಎಂಬ ನಿಮ್ಮ ವಿಚಾರ ಸರಿ, ಅದು ಸೇರಬೇಕಾದ ಜಾಗ ಸಂಪು ಅಥವಾ ಬೋರ್‌ವೆಲ್ ಪಕ್ಕದ ಇಂಗುಗುಂಡಿ.

ಮೂರನೆಯದು ಹುಲ್ಲಿನ ಕೆಳಗಿನ ನೆಲ. ಹೊಸ ಮನೆಯ ಸುತ್ತ ಸಾಮಾನ್ಯವಾಗಿ ಮುರುಮು, ಅಂದರೆ ಗರಸು ಮಣ್ಣು, ಹಾಕಿ ಕುಟ್ಟಿ ಗಟ್ಟಿ ಮಾಡಿರುತ್ತಾರೆ. ಪ್ಲಾಸ್ಟರ್ ಚೂರು, ಸಿಮೆಂಟ್ ಪುಡಿ, ಇಟ್ಟಿಗೆ ತುಂಡು ಅದರಲ್ಲೇ ಮುಚ್ಚಿಹೋಗಿರುತ್ತವೆ. ಮೇಲೆ ಎರಡು ಮೂರು ಇಂಚು ಕೆಂಪುಮಣ್ಣು ಹರಡಿ ಮ್ಯಾಟ್ ಬಿಚ್ಚಿದರೆ ಲಾನ್ ತಯಾರು. ಮೊದಲ ವರ್ಷ ಆ ಮೂರು ಇಂಚಿನಲ್ಲಿ ಬೇರು ಬದುಕುತ್ತದೆ, ನಿಮ್ಮಲ್ಲಿ ಆದದ್ದೂ ಅದೇ ಇರಬೇಕು. ಖಚಿತ ಮಾಡಿಕೊಳ್ಳಲು ಮಳೆ ಬಂದ ಮರುದಿನ ಉದ್ದನೆಯ ಸ್ಕ್ರೂಡ್ರೈವರ್ ಹುಲ್ಲಿಗೆ ಚುಚ್ಚಿ ನೋಡಿ. ಒದ್ದೆ ನೆಲದಲ್ಲೂ ಅದು ಮೂರು ಇಂಚಿಗೆ ಕಟ್ ಎಂದು ನಿಂತರೆ ಕೆಳಗೆ ಮುರುಮಿನ ಹಾಸು ಇದೆ, ನೀರು ಕೆಳಗೆ ಇಳಿಯುತ್ತಿಲ್ಲ.

ವಿಜಯಪುರದ ಅಕ್ಕನವರ ಮನೆಯ ಗುಟ್ಟು ಇಷ್ಟೇ: ಅಲ್ಲಿ ಮಳೆ ನಿಮ್ಮದರ ಹೆಚ್ಚುಕಡಿಮೆ ಅರ್ಧ, ಮೋಡ ಮುಸುಕಿದ ದಿನಗಳು ಇನ್ನೂ ಕಡಿಮೆ, ಒಣಗಾಳಿ ನೆಲದ ಮೇಲ್ಪದರವನ್ನು ದಿನದೊಳಗೆ ಆರಿಸಿಬಿಡುತ್ತದೆ. ಅವರ ಆರೈಕೆ ಹೆಚ್ಚು, ನಿಮ್ಮದು ಕಡಿಮೆ ಎಂದೇನಿಲ್ಲ.

ಸುಣ್ಣ, ಮೈಲುತುತ್ತ ಮತ್ತು ಉಪ್ಪು

ಮಣ್ಣು ಹುಳಿಯಾದರೆ ಪಾಚಿ ಬರುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಹುಳಿಯ ಅಳತೆ ಪಿಎಚ್ (ಏಳು ಸಮ, ಇಳಿದಷ್ಟೂ ಹುಳಿ) 5.5ರ ಕೆಳಗಿಳಿದರೆ ಹುಲ್ಲು ಸೊರಗುತ್ತದೆ, ಪಾಚಿಗೆ ಜಾಗ ಸಿಗುತ್ತದೆ. ಬೆಳಗಾವಿ, ಖಾನಾಪುರ ಭಾಗದ ಜಂಬಿಟ್ಟಿಗೆಯ ಕೆಂಪುಮಣ್ಣು ಸಹಜವಾಗಿಯೇ ಹುಳಿ ಕಡೆಗೆ ವಾಲಿದ್ದು, ಹಾಗಾಗಿ ನಿಮ್ಮ ಮಾಲಿ ಸುಳ್ಳೇನೂ ಹೇಳಿಲ್ಲ. ಆದರೆ ಸುಣ್ಣ ಪಾಚಿಯನ್ನು ಕೊಲ್ಲುವುದಿಲ್ಲ, ಪಿಎಚ್ ಏಳು ಎಂಟು ಇದ್ದಲ್ಲೂ ಪಾಚಿ ಆರಾಮಾಗಿ ಬೆಳೆಯುತ್ತದೆ. ಸಿಮೆಂಟಿನ ಗೋಡೆ ಮೇಲೆ ಬೆಳೆಯುವುದನ್ನು ನೀವೇ ನೋಡಿದ್ದೀರಿ. ಸಿಮೆಂಟ್ ಚೂರು ಬೆರೆತ ನೆಲ ಹುಳಿಯೂ ಇರಲಿಕ್ಕಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಬಹುತೇಕ ಗೋಡೆಗೆ ಬಳಿಯುವ ಅರಳಿದ ಸುಣ್ಣ. ಅದು ತೀಕ್ಷ್ಣ, ಎಲೆಗೆ ತಾಗಿದರೆ ಸುಡುತ್ತದೆ. 56 ಚದರ ಮೀಟರಿಗೆ 10 ಕೆ.ಜಿ. ಎಂದರೆ ಚದರ ಮೀಟರಿಗೆ ಸುಮಾರು 180 ಗ್ರಾಂ. ಕೃಷಿ ಸುಣ್ಣವಾಗಿದ್ದರೆ ಹುಳಿ ಮಣ್ಣಿಗೆ ಇದು ಮಿತಿಯೊಳಗಿನ ಪ್ರಮಾಣ, ಅರಳಿದ ಸುಣ್ಣವಾಗಿದ್ದರೆ ಹೆಚ್ಚಾಯಿತು. ಆಮೇಲೆ ಬಂದ ಹಳದಿಗೆ ಹೆಚ್ಚು ಸಂಭವನೀಯ ಕಾರಣ ಕಬ್ಬಿಣದ ಕೊರತೆ: ಪಿಎಚ್ ಏರಿದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಹಳೆ ಎಲೆ ಹಸಿರಿದ್ದು, ಹೊಸ ಚಿಗುರಷ್ಟೇ ಹಳದಿಯಾಗಿದ್ದರೆ ಅದೇ ಎಂದು ತಿಳಿಯಿರಿ.

ಇನ್ನು ಮುಂದೆ ಮಣ್ಣು ಪರೀಕ್ಷೆ ಆಗದೆ ಒಂದು ಹಿಡಿ ಸುಣ್ಣವೂ ಬೇಡ. ಹುಲ್ಲಿನಡಿ ಐದಾರು ಕಡೆ ನಾಲ್ಕು ಇಂಚು ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕೆ.ಜಿ. ಬಟ್ಟೆ ಚೀಲದಲ್ಲಿ ಹಾಕಿ ಕೃಷಿ ಇಲಾಖೆಯ ಮಣ್ಣು ಪರೀಕ್ಷಾ ಕೇಂದ್ರಕ್ಕೋ ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ. ಗೊಬ್ಬರದ ಖಾಲಿ ಚೀಲ ಬಳಸಬೇಡಿ, ಫಲಿತಾಂಶ ಕೆಡುತ್ತದೆ. ಅಷ್ಟರೊಳಗೆ ಮನೆಯಲ್ಲೇ ಒಂದು ಸುಳಿವು ಬೇಕೆಂದರೆ, ಮೂರು ಇಂಚು ಕೆಳಗಿನ ಒಣ ಮಣ್ಣಿನ ಮೇಲೆ ವಿನೆಗರ್ ಹನಿಸಿ. ಬುಸುಬುಸು ನೊರೆ ಬಂದರೆ ಅಲ್ಲಿ ಸುಣ್ಣ ಈಗಾಗಲೇ ಮಿಕ್ಕಿದೆ. ಪರೀಕ್ಷೆಯಲ್ಲಿ ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ಮಾತ್ರ ಕೃಷಿ ಸುಣ್ಣ ಅಥವಾ ಡಾಲಮೈಟ್ ಪುಡಿಯನ್ನು ಚದರ ಮೀಟರಿಗೆ 100ರಿಂದ 150 ಗ್ರಾಂ ಕೊಡಬಹುದು. ಅದರ ಪರಿಣಾಮ ಕಾಣಲು ತಿಂಗಳುಗಳೇ ಬೇಕು.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಪಾಚಿಯನ್ನು ಕೊಲ್ಲುತ್ತದೆ, ಸಂಶಯವಿಲ್ಲ. ದ್ರಾಕ್ಷಿ ತೋಟದವರು ಬೋರ್ಡೋ ದ್ರಾವಣಕ್ಕೆ ಬಳಸುವುದರಿಂದ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಅದಕ್ಕೇ ಎಲ್ಲರ ಬಾಯಲ್ಲೂ ಅದರ ಹೆಸರು. ಆದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ. ವರ್ಷ ವರ್ಷ ಕೂಡುತ್ತ ಹೋಗಿ ಎರೆಹುಳುವಿಗೆ, ಕಡೆಗೆ ಹುಲ್ಲಿಗೇ ವಿಷವಾಗುತ್ತದೆ. ಗಟಾರು ಹಿಡಿದು ಕೆರೆ, ಬಾವಿ ಸೇರಿದರೆ ಮೀನು ಸಾಯುತ್ತವೆ. ಮಕ್ಕಳು, ನಾಯಿ ಹೊರಳಾಡುವ ಹುಲ್ಲಿಗೆ ಅದು ಬೇಡ.

ಉಪ್ಪು ಹಾಕಿದರೆ ಪಾಚಿಯ ಜೊತೆ ಹುಲ್ಲೂ ಮಣ್ಣೂ ಕೆಡುತ್ತವೆ. ಕಳೆನಾಶಕ ಹೊಡೆದರೆ ಹುಲ್ಲು ಸಾಯುತ್ತದೆ, ಪಾಚಿ ತಡೆದುಕೊಂಡು ಉಳಿದು ಇನ್ನಷ್ಟು ಜಾಗ ಹಿಡಿಯುತ್ತದೆ. ಪಾತ್ರೆ ತೊಳೆಯುವ ಸೋಪಿನ ನೀರು ತಾಗಿದ ಕಡೆ ಪಾಚಿ ಬಾಡಿಸುತ್ತದಾದರೂ ಶ್ರಾವಣದ ಮಳೆಯಲ್ಲಿ ಅದು ಎರಡು ದಿನದ ಮಾತು.

ಈಗ, ದಸರೆಗೆ, ಮೇ ತಿಂಗಳಿಗೆ

ಈಗ ಮಾಡುವ ಕೆಲಸ ಒಂದೇ: ಎರಡೂ ಪೈಪಿಗೆ ಬೆಂಡ್ ಹಾಕಿ ನೀರನ್ನು ಹುಲ್ಲಿನಿಂದ ಆಚೆ ಒಯ್ಯಿರಿ. ಪ್ಲಂಬರ್‌ಗೆ ಅರ್ಧ ದಿನದ ಕೆಲಸ, ಈ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಇನ್ನೊಂದು ಇಲ್ಲ. ಕೆಸರು ನೆಲದ ಮೇಲೆ ಮಷಿನ್ ಓಡಿಸಬೇಡಿ, ಮಣ್ಣು ಇನ್ನಷ್ಟು ಬಿಗಿಯುತ್ತದೆ. ಪಾಚಿಯನ್ನು ಈಗ ಕೆರೆಯಲೂ ಬೇಡಿ. ಹಸಿ ಪಾಚಿ ಕೆರೆದರೆ ಅದರ ತುಣುಕುಗಳು ಹರಡಿ, ಬಿದ್ದಲ್ಲೆಲ್ಲ ಹೊಸದಾಗಿ ಹತ್ತಿಕೊಳ್ಳುತ್ತವೆ, ಬೆಳಕಿಲ್ಲದ ಈ ತಿಂಗಳಲ್ಲಿ ಹುಲ್ಲಿಗೆ ಆ ಗಾಯ ತುಂಬಿಕೊಳ್ಳುವ ತ್ರಾಣವಿರುವುದಿಲ್ಲ.

ಪಾಚಿ ಕೊಲ್ಲುವ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ, ದಸರೆ ಆಸುಪಾಸು. ಆಗ ಪಾಚಿ ಇನ್ನೂ ಹಸಿ ಇದ್ದು ಔಷಧಿ ಹೀರುತ್ತದೆ, ನೆಲ ಬೆಚ್ಚಗಿದ್ದು ಹುಲ್ಲು ಬೆಳೆಯುತ್ತಿರುತ್ತದೆ. ನವೆಂಬರ್ ದಾಟಿದರೆ ಚಳಿಗೆ ಹುಲ್ಲಿನ ಬೆಳವಣಿಗೆ ಮಂದವಾಗಿ, ತೆರವಾದ ಜಾಗ ಮಾರ್ಚ್‌ವರೆಗೂ ಬೋಳಾಗಿಯೇ ಉಳಿಯುತ್ತದೆ.

ಬಳಸಬೇಕಾದದ್ದು ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಗೊಬ್ಬರದ ಅಂಗಡಿಯಲ್ಲಿ ಶೇ. 19 ಕಬ್ಬಿಣ ಎಂದು ಬರೆದ ಪೊಟ್ಟಣ ಕೇಳಿ. ಹರಳು ತಿಳಿ ಹಸಿರಾಗಿರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಹಳೆಯದು, ಸರಿಯಾಗಿ ಕರಗುವುದಿಲ್ಲ. ಬೆಲೆ ಹೆಚ್ಚಿನ ಚಿಲೇಟೆಡ್ ಕಬ್ಬಿಣ ಈ ಕೆಲಸಕ್ಕೆ ಬಾರದು. ಅದು ಹುಲ್ಲನ್ನು ಹಸಿರು ಮಾಡುತ್ತದೆ, ಪಾಚಿಯನ್ನು ಸುಡುವುದಿಲ್ಲ.

ಪ್ರಮಾಣ ಚದರ ಮೀಟರಿಗೆ 15 ಗ್ರಾಂ. 10 ಲೀಟರಿನ ಝಾರಿಗೆ 150 ಗ್ರಾಂ ಕರಗಿಸಿ ಅದನ್ನು 10 ಅಡಿಗೆ 11 ಅಡಿ ಜಾಗಕ್ಕೆ ಸಮನಾಗಿ ಸುರಿಯುವುದು. ಇಡೀ ಹುಲ್ಲಿಗೆ ಐದೂವರೆ ಝಾರಿ, 840 ಗ್ರಾಂ. ಪಾಚಿ ಇಲ್ಲದ ಕಡೆ ಹಾಕಬೇಕಿಲ್ಲ. ಮೊದಲು ಒಂದು ಮೂಲೆಯಲ್ಲಿ ಚದರ ಮೀಟರ್ ಜಾಗಕ್ಕೆ ಹಾಕಿ ಮೂರು ದಿನ ನೋಡಿ, ಹಳದಿಯಾಗಿ ಸೊರಗಿದ ಹುಲ್ಲು ಬೇಗ ಸುಡುತ್ತದೆ. ಮುಂದಿನ 24 ತಾಸು ಮಳೆ ಬರಬಾರದು. ಆ ಹೊತ್ತಿಗೆ ಬೆಳಗಾವಿಯಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಆದ್ದರಿಂದ ಎರಡು ಮೂರು ದಿನ ಆಕಾಶ ನೋಡಿ ಬೆಳಿಗ್ಗೆಯೇ ಮುಗಿಸಿ. ಸುಡುಬಿಸಿಲು ಬೇಡ. ಕೈಗೆ ಗ್ಲೌಸ್, ಮೈಗೆ ಹಳೆ ಬಟ್ಟೆ ಇರಲಿ.

ನಿಮ್ಮ ಮನೆಯಲ್ಲಿ ದೊಡ್ಡ ಅಪಾಯ ಇರುವುದು ಫರ್ಸಿಗೆ. ಅನ್ನಭೇದಿಯ ಹನಿ ಬಿದ್ದು ಒಣಗಿದರೆ ತುಕ್ಕಿನ ಕಲೆ ಕೂರುತ್ತದೆ. ಆ ಕಲೆ ತೆಗೆಯುವ ಆ್ಯಸಿಡ್ಡೇ ಸುಣ್ಣಕಲ್ಲನ್ನು ತಿನ್ನುವುದರಿಂದ ಶಹಾಬಾದ್ ಮೇಲೆ ಬಿದ್ದ ಕಲೆ ಹೆಚ್ಚುಕಡಿಮೆ ಶಾಶ್ವತ. ದಾರಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಒಂದು ಇಟ್ಟಿಗೆಯಷ್ಟು ಜಾಗ ಬಿಟ್ಟು ಸುರಿಯಿರಿ. ಚಪ್ಪಲಿ ಹುಲ್ಲಿನಲ್ಲೇ ಬಿಟ್ಟು ಬನ್ನಿ, ಇಲ್ಲದಿದ್ದರೆ ಹೆಜ್ಜೆ ಗುರುತು ವರಾಂಡದ ತನಕ ಮೂಡುತ್ತದೆ. ಪೂರ್ತಿ ಒಣಗುವವರೆಗೆ ಮಕ್ಕಳು, ನಾಯಿ ಅತ್ತ ಸುಳಿಯಬಾರದು. ಹೊಟ್ಟೆಗೆ ಹೋದರೆ ಕಬ್ಬಿಣದ ಲವಣ ವಿಷ, ಪೊಟ್ಟಣವನ್ನೂ ಎತ್ತರದಲ್ಲಿಡಿ.

ಒಂದೆರಡು ದಿನದಲ್ಲಿ ಪಾಚಿ ಕಪ್ಪಾಗುತ್ತದೆ. ಹುಲ್ಲೂ ಕೆಲ ದಿನ ಕಡುಗಪ್ಪು ಹಸಿರಾಗಿ ಕಾಣಬಹುದು, ಗಾಬರಿ ಬೇಡ. 10ರಿಂದ 15 ದಿನ ಬಿಟ್ಟು ಕಬ್ಬಿಣದ ಹಲ್ಲಿನ ರೇಕ್‌ನಿಂದ ಸತ್ತ ಪಾಚಿಯನ್ನೂ ಹುಲ್ಲಿನ ಬುಡದ ಒಣ ಪದರವನ್ನೂ ಎಳೆದು ತೆಗೆಯಿರಿ. ಮೂಟೆಗಟ್ಟಲೆ ಬರುತ್ತದೆ, ನೆಲ ವಿಕಾರವಾಗಿ ಕಾಣುತ್ತದೆ. ಅನೇಕರು ಇಲ್ಲೇ ಹೆದರಿ ಕೈಬಿಟ್ಟು ಸತ್ತ ಪಾಚಿಯನ್ನು ಹಾಗೇ ಬಿಡುತ್ತಾರೆ, ಅದರ ಮೇಲೆ ಹೊಸ ಪಾಚಿ ಬರುತ್ತದೆ. ಉಳಿದುಕೊಂಡ ಕಡೆ ಮತ್ತೆ ಹಾಕುವುದಿದ್ದರೆ ನಡುವೆ ಕನಿಷ್ಠ ನಾಲ್ಕು ವಾರ ಇರಲಿ. ಅನ್ನಭೇದಿಯ ಜೊತೆಗಾಗಲಿ, ಅದರ ಬೆನ್ನಿಗೇ ಆಗಲಿ ಸುಣ್ಣ ಹಾಕಿದರೆ ಕಬ್ಬಿಣ ಮಣ್ಣಿನಲ್ಲಿ ಗಟ್ಟಿಯಾಗಿ ಕೂತು ಎರಡೂ ವ್ಯರ್ಥ.

ರೇಕ್ ಆದ ವಾರದೊಳಗೆ ಯೂರಿಯಾ ಚದರ ಮೀಟರಿಗೆ 10 ಗ್ರಾಂ, ಒಟ್ಟು ಅರ್ಧ ಕೆ.ಜಿ. ಚಿಲ್ಲರೆ. ಎಲೆ ಒಣಗಿದ್ದಾಗ ಚೆಲ್ಲಿ ಕೂಡಲೇ ನೀರು ಹಾಯಿಸಿ. ಬಿಸಿಲು ಬೀಳುವ ಕಡೆಯ ಬೋಳು ಜಾಗಕ್ಕೆ ಅದೇ ಹುಲ್ಲಿನ ಎರಡು ಇಂಚಿನ ತುಂಡುಗಳನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ ಊರಿ. ಮಳೆ ನಿಂತ ಮೇಲೆ ದಿನಾ ಸಂಜೆ ಪೈಪ್ ಹಿಡಿದು ಚಿಮುಕಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಮೇಲ್ಪದರ ಸದಾ ಒದ್ದೆ ಇಡುವುದು ಪಾಚಿಯ ಸೇವೆ. ಮೂರು ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ, ನೆಲ ನಾಲ್ಕು ಇಂಚು ನೆನೆಯುವಂತೆ ಕೊಡಿ. ಕತ್ತರಿಸುವಾಗ ಮೆಕ್ಸಿಕನ್ ಹುಲ್ಲನ್ನು ಒಂದು ಇಂಚಿಗಿಂತ ಕೆಳಗೆ ಒಯ್ಯಬೇಡಿ, ನೆರಳಲ್ಲಿ ಒಂದೂವರೆ ಇಂಚು ಇರಲಿ.

ಮೇ ತಿಂಗಳ ಕೆಲಸ ನೆಲದ್ದು. ಒಂದೆರಡು ಅಡ್ಡಮಳೆ ಬಿದ್ದು ಮಣ್ಣು ಮೆತ್ತಗಾದಾಗ ಪಾಚಿ ಬಂದಿದ್ದ ಕಡೆಯೆಲ್ಲ ಮೂರು ನಾಲ್ಕು ಇಂಚು ಆಳದ ತೂತು, ನಾಲ್ಕು ಇಂಚಿಗೊಂದರಂತೆ. ಹೀಗೆ ಮಾಡಿದರೆ ಚದರ ಅಡಿಗೆ ಒಂಬತ್ತು ತೂತು, 600 ಚದರ ಅಡಿಗೆ 5400. ಸಲಾಕಿ ಹಿಡಿದು ಕೂತರೆ ಮಾಲಿ ಓಡಿಹೋಗುತ್ತಾನೆ. ನಾಲ್ಕು ಹಲ್ಲಿನ ಗಾರ್ಡನ್ ಫೋರ್ಕ್ ಬಳಸಿ. ಮಣ್ಣಿನ ಉರುಳೆಯನ್ನೇ ಕಿತ್ತು ತೆಗೆಯುವ ಟೊಳ್ಳು ಹಲ್ಲಿನ ಏರೇಟರ್ ಬಾಡಿಗೆಗೆ ಸಿಕ್ಕರೆ ಇನ್ನೂ ಒಳ್ಳೆಯದು. ಮೊನಚು ಸಲಾಕಿ ಮಣ್ಣನ್ನು ಪಕ್ಕಕ್ಕೆ ಒತ್ತುತ್ತದೆಯೇ ಹೊರತು ತೆಗೆಯುವುದಿಲ್ಲ. ತೂತಿಗೆ ತೊಳೆದ ದಪ್ಪ ಮರಳು ಮತ್ತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಸಮ ಬೆರೆಸಿ ಗುಡಿಸಿ ತುಂಬಿ. ನಾಲ್ಕು ಮಿ.ಮೀ. ದಪ್ಪ ಹರಡಲು ಇಡೀ ಜಾಗಕ್ಕೆ ಸುಮಾರು 8 ಘನ ಅಡಿ ಬೇಕು. ಎಂ-ಸ್ಯಾಂಡ್ ಆದರೆ ತೊಳೆದದ್ದೇ ಆಗಬೇಕು. ಅದರ ಪುಡಿ ತೂತನ್ನು ಸಿಮೆಂಟಿನಂತೆ ಮುಚ್ಚಿಬಿಡುತ್ತದೆ.

ಪೈಪು ತಿರುಗಿಸಿದ ಮೇಲೂ ನೀರು ನಿಂತರೆ ತಗ್ಗಿನ ಕಡೆ ಚರಂಡಿ ಬೇಕು: ಒಂದೂವರೆ ಅಡಿ ಆಳ, ಹತ್ತು ಇಂಚು ಅಗಲ, ಮೀಟರಿಗೆ ಒಂದು ಸೆಂ.ಮೀ. ಇಳಿಜಾರು. ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತಿನ 4 ಇಂಚು ಪೈಪನ್ನು ತೂತು ಕೆಳಮುಖವಾಗಿ ಇಟ್ಟು, 20 ಮಿ.ಮೀ. ಜಲ್ಲಿ ತುಂಬಿ ಬಟ್ಟೆ ಮಡಚಿ ಮುಚ್ಚುವುದು. ಬಟ್ಟೆ ಉಳಿಸಲು ಹೋದರೆ ಮುರುಮಿನ ಹುಡಿ ಒಂದೆರಡು ಮಳೆಗಾಲದಲ್ಲೇ ಪೈಪು ಕಟ್ಟಿಸುತ್ತದೆ. ಕಂಪೌಂಡ್ ಗೋಡೆಯಿಂದ ಎರಡು ಅಡಿ ದೂರ ಇರಲಿ, ಅದರ ಪಾಯ ಆಳವಿರುವುದಿಲ್ಲ. ಹೊರಹರಿವು ಮಳೆನೀರಿನ ಗಟಾರಿಗೆ ಹೋಗಬೇಕು, ಒಳಚರಂಡಿಗೆ ಬಿಡಬಾರದು.

ಸ್ಕ್ರೂಡ್ರೈವರ್ ಎಲ್ಲ ಕಡೆ ಎರಡೇ ಇಂಚಿಗೆ ನಿಂತರೆ ತೂತು ಹೊಡೆದು ಪ್ರಯೋಜನವಿಲ್ಲ. ಮ್ಯಾಟ್ ಕಿತ್ತು, ಮುರುಮನ್ನು ಅಗೆದು, ಆರು ಇಂಚು ಹೊಸ ಮಣ್ಣು ತುಂಬಬೇಕು: ಎರಡು ಪಾಲು ಕೆಂಪುಮಣ್ಣು, ಒಂದು ಮರಳು, ಒಂದು ಗೊಬ್ಬರ. ಒಟ್ಟು 3 ಬ್ರಾಸ್, ಅಂದರೆ 300 ಘನ ಅಡಿ. ಇಲ್ಲಿ ಆಗುವ ತಪ್ಪೆಂದರೆ ಹಳೆಯದನ್ನು ತೆಗೆಯದೆ ಅದರ ಮೇಲೇ ಸುರಿಯುವುದು. ಆಗ ಅಂಗಳ ಮೇಲೆದ್ದು ಮನೆಯ ಗೋಡೆಗೆ ಶೀತ ಏರುತ್ತದೆ. ಮಣ್ಣಿನ ಮಟ್ಟ ಪ್ಲಿಂತ್‌ಗಿಂತ (ಮನೆಯ ಪಾಯದ ಮೇಲ್ಮಟ್ಟ) ಆರು ಇಂಚು ಕೆಳಗೇ ಇರಬೇಕು.

ಗೋಡೆ ಪಕ್ಕದ ಎಂಟು ಅಡಿ

ಇಷ್ಟೆಲ್ಲ ಮಾಡಿದರೂ ನೆರಳು ಹೋಗುವುದಿಲ್ಲ. ಅಕ್ಟೋಬರ್‌ನ ಒಂದು ನಿಚ್ಚಳ ದಿನ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ತಾಸಿಗೊಮ್ಮೆ ನೆರಳಿನ ಅಂಚಿಗೆ ಒಂದು ಕಡ್ಡಿ ನೆಟ್ಟು ನೋಡಿ. ನಾಲ್ಕು ತಾಸಿಗಿಂತ ಕಡಿಮೆ ಬಿಸಿಲು ಬೀಳುವ ಪಟ್ಟಿಯಲ್ಲಿ ಮೆಕ್ಸಿಕನ್ ಹುಲ್ಲಿನ ಆಸೆ ಬಿಡುವುದೇ ನನ್ನ ಸಲಹೆ.

ಅಲ್ಲಿ ಹುಲ್ಲೇ ಬೇಕೆಂದರೆ ಕಾರ್ಪೆಟ್ ಹುಲ್ಲು ಇದೆ: ಅಗಲ ಎಲೆ, ಮೊಂಡು ತುದಿ, ನೆಲದ ಮೇಲೆ ಹಬ್ಬುವ ಬಳ್ಳಿ. ಮೂರು ನಾಲ್ಕು ತಾಸು ಬಿಸಿಲಿಗೂ, ತುಸು ಹುಳಿ ಮಣ್ಣಿಗೂ ಹೊಂದಿಕೊಳ್ಳುತ್ತದೆ. ನರ್ಸರಿಗಳಲ್ಲಿ ಇದಕ್ಕೂ ಬಫೆಲೋ ಹುಲ್ಲಿಗೂ ಹೆಸರು ಅದಲು ಬದಲಾಗುತ್ತದೆ, ಆದ್ದರಿಂದ ಹೆಸರು ಕೇಳದೆ ಎಲೆ ನೋಡಿ ತನ್ನಿ. ಎರಡು ಇಂಚು ಎತ್ತರ ಬಿಟ್ಟು ಕತ್ತರಿಸಬೇಕು. ಮೆಕ್ಸಿಕನ್ ಹುಲ್ಲಿನ ಪಕ್ಕದಲ್ಲಿ ಒರಟಾಗಿ ಕಾಣುತ್ತದೆ, ಬೇಸಿಗೆಯಲ್ಲಿ ನೀರು ಹೆಚ್ಚು ಕೇಳುತ್ತದೆ.

ಹುಲ್ಲಿನ ಹಟ ಇಲ್ಲದಿದ್ದರೆ ಅಲ್ಲಿ ಹುಲ್ಲಿನಂಥ ಎಲೆಯ ಒಫಿಯೋಪೋಗಾನ್ ಗಿಡ, ಜರೀಗಿಡ, ಸ್ಪೈಡರ್ ಗಿಡ ಚೆನ್ನಾಗಿ ಬರುತ್ತವೆ. ಗೋಡೆಗೆ ತಾಗಿ ಒಂದೂವರೆ ಅಡಿ ಬರೀ ಜಲ್ಲಿ ಹಾಸಿದರೆ ಗೋಡೆಯೂ ಒಣಗಿರುತ್ತದೆ. ವೆಡೀಲಿಯಾ ಬಳ್ಳಿಯನ್ನು ಯಾರಾದರೂ ಸೂಚಿಸಿದರೆ ಬೇಡ ಎನ್ನಿ, ಮೂರೇ ಮಳೆಗೆ ಅದು ಹುಲ್ಲನ್ನೂ ನುಂಗುತ್ತದೆ. ಕೃತಕ ಹುಲ್ಲು ಹಾಸಿದರೆ ಪಾಚಿ ಬರುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ನೆರಳು, ನೀರು ಎರಡೂ ಇದ್ದರೆ ಪ್ಲಾಸ್ಟಿಕ್ ಎಳೆಯ ಮೇಲೂ ಅದು ಕೂರುತ್ತದೆ, ಆಗ ಕೆರೆಯುವುದು ಇನ್ನೂ ಕಷ್ಟ.

ಪಾಚಿಯನ್ನೇ ಉಳಿಸಿಕೊಳ್ಳುವುದೂ ಒಂದು ದಾರಿ. ಗೋಡೆ ಬುಡದಲ್ಲಿ ಯಾರೂ ಓಡಾಡದ ಮೂಲೆಯಲ್ಲಿ ಅದನ್ನು ಬಿಟ್ಟು, ನಡುವೆ ನಾಲ್ಕು ಒರಟು ಕಲ್ಲು ಇಟ್ಟರೆ ಜೂನ್‌ನಿಂದ ನವೆಂಬರ್‌ವರೆಗೆ ಹಸಿರು. ಮಾರ್ಚ್ ನಂತರ ಕಂದಾಗುತ್ತದೆ, ತುಳಿದರೆ ಜಾರುತ್ತದೆ. ಮಕ್ಕಳಿರುವ ಮನೆಯಲ್ಲಿ ಫರ್ಸಿ ದಾರಿಯಿಂದ ಮೂರು ಅಡಿ ದೂರದಾಚೆ ಮಾತ್ರ ಇದಕ್ಕೆ ಜಾಗ ಕೊಡಿ.